‘ಸರ್ವರ್ ಡೌನ್’ ಅಂದ್ರೆ ಬಹಳ ಸಲ ಲೈನ್ ಕಟ್: ತಾಲೂಕಿನ ನೆಟ್‌ಗೆ ಎರಡನೇ ದಾರಿ ಎಲ್ಲಿ?

ರಸ್ತೆ ಬದಿಯಲ್ಲಿ ಜೆಸಿಬಿಯ ಒಂದು ಗುದ್ದು ಸಾಕು, ತಾಲೂಕು ಕೇಂದ್ರದ ಅರ್ಧ ವ್ಯವಹಾರ ನಿಂತುಹೋಗುತ್ತದೆ. ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಮೊಬೈಲ್‌ನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆಟ್ಟು ತಗೊಳ್ಳೋದಿಲ್ಲ. ನಾಡಕಚೇರಿಯಲ್ಲಿ ಒಂದೇ ಉತ್ತರ: ‘ಸರ್ವರ್ ಡೌನ್, ನಾಳೆ ಬನ್ನಿ’. ಹಳ್ಳಿಯಿಂದ ಬಸ್ ಹಿಡಿದು ಬಂದ ಕೂಲಿಯವರಿಗೆ ಈ ‘ನಾಳೆ’ ಅಂದ್ರೆ ಇನ್ನೊಂದು ದಿನದ ಕೂಲಿ ಖೋತಾ.

ಈ ‘ಸರ್ವರ್ ಡೌನ್’ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಂಗಳೂರಿನಲ್ಲಿರುವ ಸರ್ವರ್ ನಿಜವಾಗಿಯೂ ಕೆಟ್ಟರೆ ರಾಜ್ಯಕ್ಕೆಲ್ಲ ಕೆಡಬೇಕು. ಪಕ್ಕದ ತಾಲೂಕಿನಲ್ಲಿ ಕೆಲಸ ನಡೀತಿದ್ದು ಇಲ್ಲಿ ಮಾತ್ರ ನಿಂತಿದ್ದರೆ, ತೊಂದರೆ ಸರ್ವರ್‌ನದ್ದಲ್ಲ, ನಡುವಿನ ತಂತಿಯದ್ದು. ಸರ್ವರ್ ಕೆಟ್ಟರೆ ತಾಲೂಕಿನವರು ಮಾಡುವಂಥದ್ದು ಏನೂ ಇಲ್ಲ. ತಂತಿ ಹೋದರೆ ಪರಿಹಾರ ಇದೆ, ಅದೂ ಹೊಸದಲ್ಲ, ಮೂವತ್ತು ವರ್ಷ ಹಳೇದು.

ತಾನೇ ಡಯಲ್ ಮಾಡುತ್ತಿದ್ದ ಡಬ್ಬಿ

ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಟೆಲಿಫೋನ್ ತಂತಿಯ ಮೇಲೆ. ಮುಂದಿನ ವರ್ಷಗಳಲ್ಲಿ ಬ್ಯಾಂಕುಗಳು ಶಾಖೆಗಳನ್ನು ಲೀಸ್ಡ್ ಲೈನ್ ಮೂಲಕ ಜೋಡಿಸಿದವು. 64 ಕೆಬಿಪಿಎಸ್ ಅಂದ್ರೆ ಆಗ ದೊಡ್ಡ ಮಾತು. ಆದರೆ ಮಳೆ ಬಂದರೆ, ಕಂಬ ಬಿದ್ದರೆ ಲೈನ್ ಸತ್ತುಹೋಗುತ್ತಿತ್ತು. ಅದಕ್ಕೇ ರೌಟರ್ ಪಕ್ಕದಲ್ಲಿ ಒಂದು ಮೋಡೆಮ್ ಇಟ್ಟು ಮಾಮೂಲಿ ಫೋನ್ ಲೈನ್‌ಗೆ ಸಿಕ್ಕಿಸುತ್ತಿದ್ದರು. ಲೀಸ್ಡ್ ಲೈನ್ ಹೋದ ಕೂಡಲೇ ರೌಟರ್ ತಾನೇ ನಂಬರ್ ಡಯಲ್ ಮಾಡುತ್ತಿತ್ತು. ಆ ಕಡೆಯ ಮೋಡೆಮ್ ಎತ್ತಿಕೊಂಡು, ಕಿರ್ರೋ ಅಂತ ಎರಡೂ ಮಾತಾಡಿಕೊಂಡು, ಸುಮಾರು ಅರ್ಧ ನಿಮಿಷದಲ್ಲಿ ಶಾಖೆ ಮತ್ತೆ ಚಾಲೂ. ಐಎಸ್‌ಡಿಎನ್ ಲೈನ್ ಇದ್ದ ಕಡೆ ಇನ್ನೂ ಬೇಗ. ವೇಗ ಕಡಿಮೆ, ನಿಜ. ಆದರೆ ಒಂದು ಖಾತೆಯ ಜಮಾ-ಖರ್ಚಿಗೆ ಬೇಕಾದ ಮಾಹಿತಿ ತೀರಾ ಚಿಕ್ಕದು, ಅದಕ್ಕೆ ಅಷ್ಟು ಸಾಕಾಗುತ್ತಿತ್ತು. ಕೌಂಟರ್‌ನಲ್ಲಿ ಯಾರೂ ಎದ್ದು ಹೋಗಿ ಸ್ವಿಚ್ ಒತ್ತಬೇಕಾಗಿರಲಿಲ್ಲ.

ಹೇಳುವಷ್ಟು ಸಲೀಸಾಗಿ ಅದು ನಡೆಯುತ್ತಿರಲಿಲ್ಲ. ಮೊದಲ ತೊಡಕು, ಲೈನ್ ಸತ್ತಿದೆ ಎಂದು ರೌಟರ್‌ಗೆ ಗೊತ್ತಾಗುವುದು ಹೇಗೆ? ಎಕ್ಸ್‌ಚೇಂಜ್‌ವರೆಗಿನ ತಂತಿ ಸರಿ ಇದ್ದು ಅಲ್ಲಿಂದಾಚೆ ಕಟ್ ಆಗಿದ್ದರೆ ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು, ರೌಟರ್ ‘ಎಲ್ಲಾ ಸರಿ ಇದೆ’ ಅಂದುಕೊಂಡು ಸುಮ್ಮನಿರುತ್ತಿತ್ತು. ಹಾಗಾಗಿ ದೀಪ ನಂಬದೆ, ದೂರದ ಒಂದು ವಿಳಾಸವನ್ನು ಆಗಾಗ ‘ಇದ್ದೀಯಾ’ ಅಂತ ಕೇಳಿಸಿ, ಕೆಲವು ಸಲ ಉತ್ತರ ಬರದಿದ್ದರೆ ಮಾತ್ರ ಡಯಲ್ ಮಾಡುವ ಏರ್ಪಾಟು ಬಂತು. ಎರಡನೇದು, ಲೈನ್ ಬಂದು ಹೋಗಿ ಆಡುವ ದಿನ. ಬಂದ ತಕ್ಷಣ ವಾಪಸ್ ಹೋದರೆ ಮತ್ತೆ ಬೀಳುತ್ತೆ, ಅದಕ್ಕೆ ಸ್ವಲ್ಪ ಹೊತ್ತು ಕಾದು ಹಿಂದಿರುಗುವಂತೆ ಹೊಂದಿಸಬೇಕಿತ್ತು. ಮೂರನೇದು ಫೋನ್ ಬಿಲ್. ಕೆಲಸ ಮುಗಿದ ಮೇಲೂ ಕರೆ ಕಟ್ ಆಗದೆ ಉಳಿದರೆ ತಿಂಗಳ ಕೊನೆಗೆ ಬರುವ ಬಿಲ್ ನೋಡಿ ಎದೆ ಧಸಕ್ ಅನ್ನುತ್ತಿತ್ತು.

ಮೋಡೆಮ್ ಹೋಗಿದೆ, ಈ ಮೂರು ತೊಡಕು ಹೋಗಿಲ್ಲ.

ಈಗಿನ ಡಯಲ್ ಅಪ್ ಅಂದ್ರೆ ಸಿಮ್

ಇವತ್ತು ಅದೇ ಕೆಲಸವನ್ನು 4ಜಿ ಸಿಮ್ ಹಾಕುವ ರೌಟರ್ ಮಾಡುತ್ತದೆ. ಫೈಬರ್ ಒಂದು ಕಡೆ, ಸಿಮ್ ಇನ್ನೊಂದು ಕಡೆ. ಫೈಬರ್ ಹೋದರೆ ತಾನಾಗಿ ಸಿಮ್‌ಗೆ, ಬಂದರೆ ತಾನಾಗಿ ವಾಪಸ್. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಕಾದ್ದು ಒಂದೇ: ವೈರ್ ಕಿತ್ತರೆ ಮಾತ್ರ ಬದಲಾಗುತ್ತಾ, ಅಥವಾ ವೈರ್ ಇದ್ದೂ ನೆಟ್ ಬರದಿದ್ದರೂ ಬದಲಾಗುತ್ತಾ? ಮೊದಲನೇ ಥರದ್ದಾದರೆ ಅರ್ಧ ಉಪಯೋಗ.

‘ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ ರೀ, ಇದೆಲ್ಲ ಯಾಕೆ?’ ಅನ್ನೋರಿದ್ದಾರೆ. ಒಬ್ಬರೇ ನಡೆಸುವ ಚಿಕ್ಕ ಅಂಗಡಿಗೆ ಆ ಮಾತು ಸರಿ, ಅವರು ದುಡ್ಡು ಹಾಕುವ ಅಗತ್ಯವಿಲ್ಲ. ಬಿಲ್ಲಿಂಗ್ ಕಂಪ್ಯೂಟರ್, ಕಾರ್ಡ್ ಯಂತ್ರ, ಇಬ್ಬರು ಮೂವರು ಹುಡುಗರು ಇರುವ ಮೆಡಿಕಲ್ ಸ್ಟೋರ್ ಅಥವಾ ಗೊಬ್ಬರದ ಅಂಗಡಿಯಲ್ಲಿ ಹಾಗಲ್ಲ. ಮಾಲೀಕರು ಊಟಕ್ಕೆ ಹೋದರೆ ಅವರ ಜೇಬಿನಲ್ಲಿ ಹಾಟ್‌ಸ್ಪಾಟೂ ಊಟಕ್ಕೆ ಹೋಗುತ್ತದೆ.

ಗೊಬ್ಬರದ ಅಂಗಡಿಯ ಮಾತು ಸುಮ್ಮನೆ ಬಂದದ್ದಲ್ಲ. 2018ರಿಂದ ದೇಶದೆಲ್ಲೆಡೆ ಸಬ್ಸಿಡಿ ಗೊಬ್ಬರದ ಮಾರಾಟ ಪಿಒಎಸ್ ಯಂತ್ರದ ಮೇಲೆ, ರೈತರ ಗುರುತು ದಾಖಲಿಸಿಯೇ ನಡೆಯಬೇಕು. ಮುಂಗಾರು ಹದ ಸಿಕ್ಕ ದಿನ ಅಂಗಡಿ ಮುಂದೆ ಸಾಲು ಇರುತ್ತದೆ. ಆ ದಿನ ನೆಟ್ ಹೋದರೆ ಯೂರಿಯಾ ಗೋದಾಮಿನಲ್ಲಿದ್ದೂ ಇಲ್ಲದಂತೆ. ಹದ ಮಾತ್ರ ನಾಳೆವರೆಗೆ ಕಾಯೋದಿಲ್ಲ.

ಹಳೇ ಫೋನ್ ಬಿಲ್‌ನ ಜಾಗಕ್ಕೆ ಈಗ ಡೇಟಾ ಮಿತಿ ಬಂದಿದೆ. ಸಿಮ್‌ಗೆ ಬದಲಾದ ಕೂಡಲೇ ಸಿಸಿಟಿವಿ ಕ್ಯಾಮೆರಾ ತನ್ನ ವಿಡಿಯೋ ಕಳಿಸಲು ಶುರು ಮಾಡಿದರೆ ದಿನದ ಡೇಟಾ ಬೇಗ ಖಾಲಿ. ಯುಪಿಐಗೆ ಬೇಕಾದ್ದು ಚಿಟಿಕೆಯಷ್ಟು, ಕ್ಯಾಮೆರಾ ಕುಡಿಯೋದು ಕೊಡದಷ್ಟು. ಬ್ಯಾಕಪ್ ಮೇಲೆ ಕ್ಯಾಮೆರಾ ಹೋಗದಂತೆ ರೌಟರ್‌ನಲ್ಲಿ ತಡೆ ಹಾಕಿಸಬೇಕು. ಇನ್ನೊಂದು, ಬಳಸದೆ ಇಟ್ಟ ಪ್ರೀಪೇಯ್ಡ್ ಸಿಮ್ ಸುಮ್ಮನೆ ಸತ್ತುಹೋಗುತ್ತದೆ. ಬೇಕಾದ ದಿನವೇ ಅದು ಗೊತ್ತಾಗುವುದು.

ಎರಡು ಲೈನ್, ಒಂದೇ ಗುಂಡಿ

ಅಸಲಿ ಸಮಸ್ಯೆ ಇರುವುದು ಇಲ್ಲಿ. ಎರಡು ಕಂಪನಿಯ ಲೈನ್ ತಗೊಂಡರೂ ಎರಡೂ ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಬಂದಿದ್ದರೆ ಜೆಸಿಬಿಗೆ ಅವು ಒಂದೇ. ಮೊಬೈಲ್ ಟವರ್ ಗಾಳಿಯಲ್ಲಿ ಕೆಲಸ ಮಾಡುತ್ತೆ ಅನ್ನಿಸಿದರೂ ಬಹಳಷ್ಟು ಟವರ್‌ಗಳ ಬುಡಕ್ಕೆ ಬರುವುದೂ ಫೈಬರೇ. ಅದು ಕಟ್ ಆದರೆ ಮೊಬೈಲ್‌ನಲ್ಲಿ ಕಡ್ಡಿ ಪೂರ್ತಿ ಕಾಣಿಸಬಹುದು, ಡೇಟಾ ಮಾತ್ರ ಬರೋದಿಲ್ಲ. ಇಂಟರ್ನೆಟ್ ಇಲ್ಲದೆ ದುಡ್ಡು ಕಳಿಸಲು *99# ಇದೆ, ಮಾಮೂಲಿ ಫೋನ್‌ನಿಂದ ಕರೆ ಮಾಡಿ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಿಂದ ಇದೆ. ಆದರೆ ಟವರೇ ಒಂಟಿಯಾದರೆ ಇವೂ ಇಲ್ಲ.

ಹಾಗಾಗಿ ಬ್ಯಾಕಪ್ ಸಿಮ್ ಆರಿಸಲು ಜಾಹೀರಾತು ನೋಡಬೇಡಿ. ಮುಂದಿನ ಸಲ ಫೈಬರ್ ಕಟ್ ಆದ ದಿನ ಬಜಾರಿನಲ್ಲಿ ಯಾವ ಕಂಪನಿಯ ಡೇಟಾ ನಡೀತಿದೆ ಎಂದು ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎರಡು ಮೂರು ಸಲ ಹೀಗೆ ಮಾಡಿದರೆ ಯಾವುದು ಬೇರೆ ದಾರಿಯಿಂದ ಬರುತ್ತೆ ಅನ್ನೋದು ತಿಳಿಯುತ್ತದೆ.

ಸರ್ಕಾರಕ್ಕೂ ಈ ವಿಷಯ ಗೊತ್ತಿಲ್ಲದ್ದಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು. ಆಗ ಎಳೆದದ್ದು ಹೆಚ್ಚಾಗಿ ಕೊಂಬೆಯ ಹಾಗೆ, ಬುಡದಲ್ಲಿ ಕತ್ತರಿಸಿದರೆ ತುದಿಯ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ಇದನ್ನು ಉಂಗುರದಂತೆ ಜೋಡಿಸಬೇಕು ಎಂದಿದೆ. ಒಂದು ಕಡೆ ಕಟ್ ಆದರೆ ಇನ್ನೊಂದು ಸುತ್ತಿನಿಂದ ಬರುತ್ತದೆ. ಉಂಗುರದ ಎರಡೂ ಕೈ ಊರಾಚೆಯ ಒಂದೇ ಸೇತುವೆ ದಾಟಿದರೆ ಕಾಗದದ ಮೇಲೆ ಮಾತ್ರ ಅದು ಉಂಗುರ.

ಅಗೆಯುವ ಮುಂಚೆ ಕೇಳಿ ಅಗೆಯಿರಿ ಎಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚ್ 22ರಂದು ಬಂತು. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಅಂದು ಕೇಂದ್ರವೇ ಹೇಳಿತ್ತು. ಡೀಸೆಲ್ ಲೆಕ್ಕದಲ್ಲಿ ಗಂಟೆಗೆ ದುಡಿಯುವ ಜೆಸಿಬಿ ಚಾಲಕ ಆ್ಯಪ್ ತೆರೆದು ಕೂರುತ್ತಾನೆ ಅನ್ನೋದು ಆಗದ ಮಾತು. ಕೆಲಸದ ಆದೇಶ ಕೊಡುವ ಇಲಾಖೆ, ರಸ್ತೆ ಅಗೆಯಲು ಅನುಮತಿ ಕೊಡುವ ಪುರಸಭೆ ಅದನ್ನು ಷರತ್ತಾಗಿ ಹಾಕಬೇಕು. ತಾಲೂಕು ಕೆಡಿಪಿ ಸಭೆಯಲ್ಲಿ ರಸ್ತೆ, ನೀರು, ವಿದ್ಯುತ್ ಇಲಾಖೆಯವರೆಲ್ಲ ಒಂದೇ ಕೋಣೆಯಲ್ಲಿ ಇರುತ್ತಾರೆ. ತಾಲೂಕು ಕಚೇರಿಗೆ, ಉಪನೋಂದಣಿ ಕಚೇರಿಗೆ ಎರಡನೇ ಲೈನ್ ಇದೆಯೇ, ಅದು ಯಾವ ರಸ್ತೆಯಿಂದ ಬರುತ್ತದೆ ಎಂದು ಅಲ್ಲಿ ಕೇಳಿದರೆ ಉತ್ತರ ದಾಖಲೆಗೆ ಹೋಗುತ್ತದೆ.

ಅಂಗಡಿಯವರು ಅಲ್ಲಿವರೆಗೆ ಕಾಯಬೇಕಿಲ್ಲ. ಬ್ಯಾಕಪ್ ಹಾಕಿಸಿದವರು ತಿಂಗಳಿಗೊಂದು ಸಲ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಫೈಬರ್ ವೈರನ್ನು ತಾವೇ ಕಿತ್ತು ನೋಡಬಹುದು. ಕರೆಂಟ್ ಹೋದಾಗಲೂ ಒಮ್ಮೆ ನೋಡಬೇಕು, ರೌಟರ್‌ಗೆ ಯುಪಿಎಸ್ ಇಲ್ಲದಿದ್ದರೆ ಎರಡು ಲೈನ್ ಇದ್ದೂ ದಂಡ. ಆಗ ಸೌಂಡ್‌ಬಾಕ್ಸ್ ಕೂಗಿತು ಅಂತ ಸಮಾಧಾನ ಪಡಬೇಡಿ. ಅದರೊಳಗೆ ಬೇರೆಯೇ ಸಿಮ್ ಇರುತ್ತದೆ. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಬಿಲ್ ಹೊರಟಿತಾ ನೋಡಿ.