ಹಗುರ ಹೊದಿಕೆಯ ಭಾರವಾದ ಹೊಣೆ

ಉಪಗ್ರಹವೊಂದು ಕಕ್ಷೆಯನ್ನು ಸೇರಿದ ದಿನ ನಾಡಿನ ಗಮನವೆಲ್ಲ ರಾಕೆಟ್ಟಿನ ಮೇಲಿರುತ್ತದೆ. ಆದರೆ ಆ ಉಪಗ್ರಹವು ಅದಕ್ಕೂ ಮೊದಲು ಹಲವು ವರ್ಷಗಳನ್ನು ನೆಲದ ಮೇಲೆಯೇ ಕಳೆದಿರುತ್ತದೆ. ಜೋಡಣೆ, ಸಾಗಾಣಿಕೆ, ಕಂಪನ ಪರೀಕ್ಷೆ, ಶಾಖ ಪರೀಕ್ಷೆಗಳ ಆ ಅವಧಿಯಲ್ಲಿ ಕನ್ನಡಿ, ಸೌರಫಲಕ, ಆಂಟೆನಾಗಳನ್ನು ಕಾಯುವ ಹೊದಿಕೆಗಳ ಬಗ್ಗೆ ಚರ್ಚೆ ನಡೆಯುವುದು ವಿರಳ. ಈ ಅಲಕ್ಷ್ಯ ದುಬಾರಿಯಾದೀತೆಂಬುದಕ್ಕೆ ನಿದರ್ಶನಗಳಿವೆ.

ಅಮೆರಿಕದ ಜೇಮ್ಸ್ ವೆಬ್ ದೂರದರ್ಶಕದ ಬಿಸಿಲು ತಡೆಯುವ ಪರದೆಗೆ ಐದು ಪದರಗಳಿವೆ. ಒಂದು ಪದರದ ದಪ್ಪ 0.05 ಮಿಲಿಮೀಟರ್, ಉಳಿದ ನಾಲ್ಕರದು ಅದರ ಅರ್ಧ. ಮಡಿಸಿಟ್ಟ ಆ ಪದರಗಳನ್ನು ರಕ್ಷಿಸಲು ಹೊದಿಕೆಗಳಿದ್ದವು. 2018ರಲ್ಲಿ ಉಡಾವಣೆಯ ಭೀಕರ ಸದ್ದನ್ನು ಅನುಕರಿಸುವ ಪರೀಕ್ಷೆ ನಡೆದಾಗ, ಆ ಹೊದಿಕೆಗಳನ್ನು ಬಿಗಿದಿದ್ದ ಸ್ಕ್ರೂ ಮತ್ತು ವಾಷರುಗಳೇ ಸಡಿಲಗೊಂಡು ಉದುರಿದವು. ಕಾಯಬೇಕಾದ ವಸ್ತುವೇ ಅಪಾಯವಾಯಿತು. ಅದೇ ವರ್ಷ ಉಡಾವಣೆಯನ್ನು 2021ಕ್ಕೆ ಮುಂದೂಡಲು ಇದೂ ಒಂದು ಕಾರಣವಾಯಿತು.

ಗೆಲಿಲಿಯೋ ನೌಕೆಯ ಪಾಠ ಇನ್ನೂ ಹಳೆಯದು. 1989ರಲ್ಲಿ ಹಾರಿದ ಈ ನೌಕೆಯ ಕೊಡೆಯಂತಹ ಮುಖ್ಯ ಆಂಟೆನಾ 1991ರಲ್ಲಿ ಪೂರ್ಣವಾಗಿ ಬಿಚ್ಚಿಕೊಳ್ಳಲಿಲ್ಲ. ಉಡಾವಣೆ ತಡವಾಗಿ, ನೌಕೆಯನ್ನು ಲಾರಿಗಳಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸಾಗಿಸಿದಾಗ ಕಡ್ಡಿಗಳ ಒಣ ಲೇಪ ಸವೆದಿರಬೇಕೆಂಬುದು ತಜ್ಞರ ನಿರ್ಣಯ. ಗುರುಗ್ರಹದ ಮಾಹಿತಿಯನ್ನು ಚಿಕ್ಕ ಆಂಟೆನಾದ ಮೂಲಕ ಅತ್ಯಂತ ನಿಧಾನವಾಗಿ ಪಡೆಯಬೇಕಾಯಿತು.

ಹಾಗಾದರೆ ಒಳ್ಳೆಯ ಹೊದಿಕೆ ಹೇಗಿರಬೇಕು? ಅದರ ತೂಕ ಸೂಕ್ಷ್ಮ ಭಾಗದ ಮೇಲೆ ಬೀಳಬಾರದು. ಗಟ್ಟಿ ಚೌಕಟ್ಟಿನ ಮೂಲಕ ಅಕ್ಕಪಕ್ಕದ ಬಲವಾದ ಭಾಗಕ್ಕೆ ವರ್ಗವಾಗಬೇಕು. ಒಬ್ಬಿಬ್ಬರು ಕೈಯಿಂದಲೇ ಎತ್ತಿ ಇಡುವಷ್ಟು ಹಗುರವಾಗಿರಬೇಕು, ಏಕೆಂದರೆ ಕೈಜಾರಿದ ಹೊದಿಕೆಯೇ ಕನ್ನಡಿಯನ್ನು ಒಡೆದೀತು. ನೂಲಿನ ಎಳೆ ಉದುರಬಾರದು, ಸ್ಥಾಯೀ ವಿದ್ಯುತ್ತು ಸಂಗ್ರಹವಾಗಬಾರದು, ನಿರ್ವಾತದಲ್ಲಿ ಆವಿ ಹೊಮ್ಮಬಾರದು. ಹಾರುವ ಮುನ್ನ ತೆಗೆಯಲೇಬೇಕಾದ್ದರಿಂದ ಕೆಂಪು ಪಟ್ಟಿ ಮತ್ತು ಕ್ರಮಸಂಖ್ಯೆ ಇರಬೇಕು. ಮರೆತರೆ ಏನಾಗುತ್ತದೆಂಬುದನ್ನು ವಿಮಾನಯಾನ ತೋರಿಸಿದೆ: 1996ರಲ್ಲಿ ಪೆರು ದೇಶದ ವಿಮಾನವೊಂದನ್ನು ತೊಳೆಯುವಾಗ ವಾಯುರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಬಿಟ್ಟಿದ್ದರಿಂದ 70 ಮಂದಿ ಪ್ರಾಣ ತೆತ್ತರು.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ಆದಿತ್ಯ-ಎಲ್1ರ ಪ್ರಧಾನ ಉಪಕರಣವು ಸಿದ್ಧಗೊಂಡದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅಲ್ಲಿನ ಶುದ್ಧಕೊಠಡಿಯಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನಿನ ಅಥವಾ ಅದಕ್ಕಿಂತ ದೊಡ್ಡ ಕಣಗಳು ಹತ್ತಕ್ಕಿಂತ ಹೆಚ್ಚಿರಬಾರದು. ಸೂರ್ಯನ ಪ್ರಭಾವಲಯವು ಬಿಂಬಕ್ಕಿಂತ ಲಕ್ಷಾಂತರ ಪಟ್ಟು ಮಂಕಾದ್ದರಿಂದ, ಕನ್ನಡಿಯ ಮೇಲಿನ ಧೂಳು ಚದುರಿಸುವ ಬೆಳಕೇ ಅದನ್ನು ಮುಳುಗಿಸಿಬಿಡುತ್ತದೆ. ಬೆಂಗಳೂರಿನಲ್ಲಿ ಜೋಡಣೆಯಾದ ನಿಸಾರ್ ಉಪಗ್ರಹದ 12 ಮೀಟರ್ ಆಂಟೆನಾ ಪ್ರತಿಫಲಕವು, ಮಡಿಸಿದ ಸ್ಥಿತಿಯಲ್ಲಿ ಅತಿಯಾಗಿ ಕಾಯಬಹುದೆಂದು ತಿಳಿದಾಗ, 2024ರಲ್ಲಿ ವಿಶೇಷ ಲೇಪನಕ್ಕಾಗಿ ಅಮೆರಿಕಕ್ಕೆ ಹೋಗಿ ಬಂದಿತು. ಉಪಗ್ರಹ ಹಾರಿದ್ದು 2025ರ ಜುಲೈ 30ರಂದು. ವಿಳಂಬವಾದರೂ ದೋಷವನ್ನು ನೆಲದ ಮೇಲೆಯೇ ಸರಿಪಡಿಸಿದ್ದು ವಿವೇಕದ ನಡೆ.

2020ರಿಂದ ನಮ್ಮ ಬಾಹ್ಯಾಕಾಶ ಕ್ಷೇತ್ರವು ಖಾಸಗಿ ಉದ್ಯಮಗಳಿಗೆ ತೆರೆದುಕೊಂಡಿದೆ. ಕಡಿಮೆ ವೆಚ್ಚ, ಶೀಘ್ರ ಉಡಾವಣೆ ಎಂಬ ಪೈಪೋಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇಂತಹ, ಹಾರದೆ ನೆಲದಲ್ಲೇ ಉಳಿಯುವ ಸಾಮಗ್ರಿಗಳಿಗೆ. ಆದ್ದರಿಂದ ಹೊದಿಕೆಯನ್ನು ಕೊನೆಯ ಗಳಿಗೆಯ ಪ್ಲಾಸ್ಟಿಕ್ ಹಾಳೆಯೆಂದು ಬಗೆಯದೆ, ಉಪಕರಣದ ಜೊತೆಗೇ ವಿನ್ಯಾಸಗೊಳಿಸಿ, ಪರೀಕ್ಷಿಸಿ, ಲೆಕ್ಕವಿಡುವ ಪದ್ಧತಿ ಎಲ್ಲೆಡೆ ಬೇರೂರಬೇಕು. ಬಾಹ್ಯಾಕಾಶಕ್ಕೆ ಹೋದ ಮೇಲೆ ದುರಸ್ತಿಗೆ ಅವಕಾಶ ದೊರೆಯುವುದು ತೀರ ಅಪರೂಪ.