ಫೋನಿನ ಲಾಕ್ ತೆರೆಯುವ ತಂತ್ರಾಂಶ: ಲಗಾಮು ಯಾರ ಕೈಯಲ್ಲಿ?

ಸೆರ್ಬಿಯಾ ದೇಶದ ಪತ್ರಕರ್ತ ಸ್ಲಾವಿಶಾ ಮಿಲಾನೊವ್ ಅವರನ್ನು 2024ರ ಫೆಬ್ರವರಿಯಲ್ಲಿ ಪೊಲೀಸರು ರಸ್ತೆಯಲ್ಲಿ ತಡೆದು ಠಾಣೆಗೆ ಕರೆದೊಯ್ದರು. ಅವರು ಫೋನನ್ನು ಆಫ್ ಮಾಡಿ ಒಪ್ಪಿಸಿದರು. ಪಾಸ್‌ವರ್ಡ್ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಿಡುಗಡೆಯಾಗಿ ಫೋನ್ ನೋಡಿದರೆ ಮೊಬೈಲ್ ಡೇಟಾ ಮತ್ತು ವೈಫೈ ಎರಡೂ ಆಫ್ ಆಗಿದ್ದವು. ಸಂಶಯಗೊಂಡ ಅವರು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ತಜ್ಞರಿಂದ ಫೋನನ್ನು ಪರೀಕ್ಷೆ ಮಾಡಿಸಿದರು. ಇಸ್ರೇಲಿನ ಸೆಲೆಬ್ರೈಟ್ ಕಂಪನಿಯ ಸಾಧನದಿಂದ ಫೋನಿನ ಲಾಕ್ ತೆರೆಯಲಾಗಿದೆ, ಬಳಿಕ 'ನೋವಿಸ್ಪೈ' ಎಂಬ ಗೂಢಚಾರಿ ತಂತ್ರಾಂಶವನ್ನು ಅದರೊಳಗೆ ಸೇರಿಸಲಾಗಿದೆ ಎಂದು ಆಮ್ನೆಸ್ಟಿ 2024ರ ಡಿಸೆಂಬರಿನಲ್ಲಿ ವರದಿ ಮಾಡಿತು.

ಸೆಲೆಬ್ರೈಟ್ ತನ್ನ ಸಾಧನವನ್ನು ಕಾನೂನುಬದ್ಧ ತನಿಖೆಗೆ ಮಾತ್ರ ಬಳಸಬೇಕೆಂದು ಶರತ್ತು ಹಾಕುತ್ತದೆ. 2020ರಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್‌ಗೆ, 2021ರಲ್ಲಿ ರಷ್ಯಾ ಮತ್ತು ಬೆಲಾರೂಸ್‌ಗೆ ಮಾರಾಟ ನಿಲ್ಲಿಸಿರುವುದಾಗಿ ಅದು ಪ್ರಕಟಿಸಿತ್ತು. 2025ರ ಫೆಬ್ರವರಿಯಲ್ಲಿ ಸೆರ್ಬಿಯಾದ ಕೆಲವು ಗ್ರಾಹಕರ ಬಳಕೆಯನ್ನೂ ನಿಲ್ಲಿಸಿತು. ಇದು ಒಳ್ಳೆಯದೇ. ಆದರೆ ಒಬ್ಬ ಪತ್ರಕರ್ತ ವೈಫೈ ಗುಂಡಿಯನ್ನು ಗಮನಿಸದೇ ಇದ್ದಿದ್ದರೆ ಈ ಶರತ್ತು ಮುರಿದದ್ದು ಕಂಪನಿಗೆ ಯಾವಾಗ ತಿಳಿಯುತ್ತಿತ್ತು? ಮಾರುವವನೇ ಹಾಕಿದ ಶರತ್ತು ಇರುವುದು ಕಾಗದದಲ್ಲಿ. ಫೋನ್ ಇರುವುದು ಠಾಣೆಯ ಮೇಜಿನ ಮೇಲೆ.

ಇಂತಹ ಸಾಧನಗಳು ಫೋನಿನ ತಂತ್ರಾಂಶದಲ್ಲಿ ಅಡಗಿರುವ ದೋಷಗಳನ್ನು ಬಳಸಿಕೊಳ್ಳುತ್ತವೆ. ದೋಷವನ್ನು ತಯಾರಕರಿಗೆ ತಿಳಿಸಿಬಿಟ್ಟರೆ ಅವರು ಅದನ್ನು ಸರಿಪಡಿಸುತ್ತಾರೆ, ವ್ಯಾಪಾರ ನಿಲ್ಲುತ್ತದೆ. ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಸೆರ್ಬಿಯಾದ ಒಬ್ಬ ವಿದ್ಯಾರ್ಥಿಯ ಫೋನ್ ತೆರೆಯಲು ಬಳಸಿದ ದೋಷಗಳಲ್ಲಿ ಒಂದನ್ನು ಗೂಗಲ್ 2025ರ ಫೆಬ್ರವರಿಯಲ್ಲಿ ಸರಿಪಡಿಸಿತು. ಅದು ಆ ವಿದ್ಯಾರ್ಥಿಯ ಫೋನಿನಲ್ಲಿ ಮಾತ್ರ ಇದ್ದ ದೋಷವಲ್ಲ. ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನುಗಳಲ್ಲಿ ಇದ್ದದ್ದು.

ಹಾಗೆಂದು ಈ ಸಾಧನಗಳೇ ಬೇಡ ಎನ್ನಲಾಗದು. ಮಕ್ಕಳ ಮೇಲಿನ ದೌರ್ಜನ್ಯ, ಮಾನವ ಸಾಗಾಟದಂತಹ ಪ್ರಕರಣಗಳಲ್ಲಿ ಎಷ್ಟೋ ಸಲ ಸಾಕ್ಷ್ಯವೆಲ್ಲ ಫೋನಿನೊಳಗೇ ಇರುತ್ತದೆ. ಅಲ್ಲಿ ಪೊಲೀಸರ ಕೈ ಕಟ್ಟಿಹಾಕಿದರೆ ನೋವು ಅನುಭವಿಸುವವರು ದುರ್ಬಲರೇ.

ನಮ್ಮಲ್ಲಿ ಏನಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2021ರಲ್ಲಿ ನಮ್ಮ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಆರೋಪಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು ಎಂದಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿತು. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಇದಕ್ಕೆ ಭಿನ್ನವಾಗಿ, ಆರೋಪಿಯನ್ನು ಬಲವಂತಪಡಿಸುವಂತಿಲ್ಲ ಎಂದಿತು. ಪಾಸ್‌ವರ್ಡ್ ಕೇಳದೆಯೇ ಬೀಗ ತೆರೆಯುವ ಯಂತ್ರ ಬಂದ ಮೇಲೆ ಈ ವಾದದ ತೂಕ ಅರ್ಧ ಇಳಿದಂತೆಯೇ. ಉಳಿಯುವುದು ವಾರಂಟ್ ಒಂದೇ. 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಶೋಧ ಮತ್ತು ಜಪ್ತಿಯನ್ನು ವಿಡಿಯೋ ಚಿತ್ರೀಕರಿಸಬೇಕು ಎನ್ನುತ್ತದೆ. ಇದು ಹೆಜ್ಜೆಯೇ. ಆದರೆ ಜಪ್ತಿಯ ನಂತರ ಫೋನಿನಿಂದ ಏನನ್ನು ನಕಲು ಮಾಡಬಹುದು, ಪ್ರಕರಣಕ್ಕೆ ಸಂಬಂಧಿಸದ ಚಿತ್ರ, ಸಂದೇಶಗಳನ್ನು ಎಂದು ಅಳಿಸಬೇಕು ಎಂಬುದನ್ನೂ ಕಾನೂನು ಬಿಡಿಸಿ ಹೇಳಬೇಕು.

ಕ್ರೈಸ್ತರಾದ ನಮಗೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನಲ್ಲಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಯೇಸುಸಭೆಯ ವಂ. ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರಿನಲ್ಲಿ ಬಂಧಿತರಾಗಿ, 2021ರ ಜುಲೈ 5ರಂದು ಇನ್ನೂ ವಿಚಾರಣಾಧೀನ ಕೈದಿಯಾಗಿರುವಾಗಲೇ ನಿಧನರಾದರು. ಅವರ ಕಂಪ್ಯೂಟರಿನೊಳಗೆ ಹ್ಯಾಕರ್ ಕಡತಗಳನ್ನು ಇರಿಸಿದ್ದಾನೆ ಎಂದು ಅವರ ಪರ ವಕೀಲರು ನೇಮಿಸಿದ್ದ ಅಮೆರಿಕದ ಆರ್ಸೆನಲ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ವರದಿ ನೀಡಿತು. ಆ ಸಂಸ್ಥೆಯ ವರದಿಗಳನ್ನು ಎನ್‌ಐಎ ಒಪ್ಪಿಲ್ಲ. ಅದು ಫೋನ್ ಅಲ್ಲ, ಲಾಕ್ ತೆರೆದ ಪ್ರಕರಣವೂ ಅಲ್ಲ. ಆದರೂ ಒಳಗೆ ಹೋಗುವ ದಾರಿ ಇದ್ದವನು ತೆಗೆಯುವುದಷ್ಟೇ ಅಲ್ಲ, ಇಡಲೂ ಬಲ್ಲ ಎಂಬ ಪ್ರಶ್ನೆ ಅಲ್ಲಿಯೂ ಸೆರ್ಬಿಯಾದಲ್ಲಿಯೂ ಒಂದೇ.

ಇನ್ನು ನಮ್ಮ ಧರ್ಮಕೇಂದ್ರಗಳತ್ತ ನೋಡೋಣ. ಗುರುಗಳ ಫೋನಿನಲ್ಲಿ ಕುಟುಂಬ ಕಲಹದ ಸಲಹೆ ಕೇಳಿ ಬಂದ ಸಂದೇಶಗಳಿರುತ್ತವೆ. ವಾಳೆಯ ಗುರಿಕಾರರ ಫೋನಿನಲ್ಲಿ ಸಹಾಯಧನಕ್ಕೆಂದು ಬಡವರು ಕಳುಹಿಸಿದ ಆಧಾರ್, ಬ್ಯಾಂಕ್ ಪುಸ್ತಕದ ಚಿತ್ರಗಳಿರುತ್ತವೆ. ಕೆಲಸ ಮುಗಿದ ಮೇಲೆ ಅವುಗಳನ್ನು ಅಳಿಸುವವರು ವಿರಳ. ಫೋನ್ ಪೊಲೀಸರ ಕೈಗೇ ಹೋಗಬೇಕೆಂದಿಲ್ಲ, ಕಳ್ಳನ ಕೈಗೆ ಹೋದರೂ ಹೊರಬೀಳುವುದು ಪರರ ಗುಟ್ಟು. ನಾಲ್ಕಂಕಿಯ ಪಿನ್ ಬದಲು ಉದ್ದನೆಯ ಪಾಸ್‌ವರ್ಡ್ ಇಡಿ. ಅಪ್‌ಡೇಟ್ ಬಂದಾಗ "ನಾಳೆ ನೋಡುವ" ಎನ್ನಬೇಡಿ. ರೀಸ್ಟಾರ್ಟ್ ಮಾಡಿದ ಫೋನಿನಲ್ಲಿ ಮೊದಲ ಸಲ ಪಾಸ್‌ವರ್ಡ್ ಹಾಕುವವರೆಗೆ ಹೆಚ್ಚಿನ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ, ತೆರೆಯುವುದು ಕಷ್ಟ. ಇದೇ ಕಾರಣಕ್ಕೆ ಮೂರು ದಿನ ಮುಟ್ಟದೆ ಇಟ್ಟರೆ ತಾನಾಗಿ ರೀಸ್ಟಾರ್ಟ್ ಆಗುವ ವ್ಯವಸ್ಥೆಯನ್ನು ಆಪಲ್ 2024ರಲ್ಲಿಯೂ ಗೂಗಲ್ 2025ರಲ್ಲಿಯೂ ತಂದವು. ಚರ್ಚ್ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ, ಸಹಾಯಧನದ ದಾಖಲೆಗಳನ್ನು ವಾಟ್ಸಾಪಿನಲ್ಲಿ ತರಿಸುವುದನ್ನು ಬಿಟ್ಟು ಕಚೇರಿಯಲ್ಲೇ ಪಡೆದು ಕಪಾಟಿನಲ್ಲಿಡುವ ಬಗ್ಗೆ ನಿರ್ಣಯ ಮಾಡಬಹುದಲ್ಲವೇ?