ಸೌಂದರ್ಯದ ಮಾನದಂಡವೂ ವ್ಯಾಪಾರದ ಹೊಣೆಯೂ

ಸ್ತ್ರೀ ಸೌಂದರ್ಯಕ್ಕೆ ಶಾಶ್ವತವಾದ ಅಳತೆಗೋಲೊಂದಿದೆ ಎಂಬ ಭಾವನೆ ಮಾರುಕಟ್ಟೆಯಲ್ಲಿ ಆಳವಾಗಿ ಬೇರೂರಿದೆ. ಬಿಳಿಯ ಮೈಬಣ್ಣ, ತೆಳ್ಳನೆಯ ದೇಹ ಎಂಬ ಸೂತ್ರವನ್ನೇ ನಂಬಿ ಕ್ರೀಮು, ಸಾಬೂನು, ಸಿದ್ಧ ಉಡುಪುಗಳನ್ನು ತಯಾರಿಸುವ ಉದ್ಯಮಿಗಳು ಅನೇಕರಿದ್ದಾರೆ. ಆದರೆ ಇತಿಹಾಸ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಬೇಲೂರಿನ 12ನೇ ಶತಮಾನದ ಮದನಿಕೆಯರು ತುಂಬಿದ ಮೈಯವರು. ಇಂದಿನ ಜಾಹೀರಾತುಗಳ ರೂಪದರ್ಶಿಯರಲ್ಲಿ ಬಹುಪಾಲು ಕೃಶಾಂಗಿಯರು. ಜಪಾನಿನಲ್ಲಿ ಹಲ್ಲುಗಳಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುವುದು ಶತಮಾನಗಳ ಕಾಲ ಚೆಲುವಿನ ಲಕ್ಷಣವೆನಿಸಿತ್ತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿಯ ಹಲ್ಲುಗಳೊಡನೆ ಕಾಣಿಸಿಕೊಂಡ ಬಳಿಕ ಆ ರೂಢಿ ಕ್ರಮೇಣ ಮರೆಯಾಯಿತು.

ಮಾನದಂಡ ಬದಲಾದಾಗ ಅದನ್ನೇ ನಂಬಿದ ವ್ಯಾಪಾರ ಏನಾಗುತ್ತದೆ ಎಂಬುದಕ್ಕೆ ಪಾಶ್ಚಾತ್ಯ ದೇಶಗಳ ಕಾರ್ಸೆಟ್ ಉದ್ಯಮ ಉತ್ತಮ ನಿದರ್ಶನ. 19ನೇ ಶತಮಾನದ ಯುರೋಪು ಮತ್ತು ಅಮೆರಿಕಗಳಲ್ಲಿ ಸಣ್ಣ ನಡುವೇ ಸೌಂದರ್ಯ. ಸೊಂಟವನ್ನು ಬಿಗಿಯುವ ಈ ಒಳಉಡುಪಿಗೆ ತಿಮಿಂಗಿಲದ ಬಾಯಿಯಿಂದ ದೊರೆಯುತ್ತಿದ್ದ, ಬಾಗಿದರೂ ಮುರಿಯದ ಪಟ್ಟಿಗಳನ್ನು ಬಳಸುತ್ತಿದ್ದರು. ಅದು ದುಬಾರಿಯಾಗಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ತ್ರೀ ಓಕ್ಸ್ ಎಂಬ ಸಣ್ಣ ಊರಿನ ಜವಳಿ ವ್ಯಾಪಾರಿ ಎಡ್ವರ್ಡ್ ವಾರನ್ ಎಂಬಾತ 1883ರಲ್ಲಿ ಟರ್ಕಿ ಕೋಳಿಯ ಗರಿಗಳ ದಂಟಿನಿಂದ ಅಗ್ಗದ ಪಟ್ಟಿ ತಯಾರಿಸಿ ಯಶಸ್ವಿಯಾದನು. 1920ರ ದಶಕದಲ್ಲಿ ನಡುವಿನ ವಕ್ರತೆಯನ್ನು ಮರೆಮಾಡುವ ನೇರ ಉಡುಪುಗಳು ಬಂದವು. ಬಿಗಿ ಕಾರ್ಸೆಟ್‌ನ ಬೇಡಿಕೆ ಕುಸಿಯಿತು. ಆದರೂ ವಾರನ್ ಸ್ಥಾಪಿಸಿದ ಸಂಸ್ಥೆ ಮುಚ್ಚಲಿಲ್ಲ; ಕಾಲಾನಂತರ ಶಿಶುಗಳ ಉಡುಪುಗಳ ತಯಾರಿಕೆಗೆ ಹೊರಳಿ ಉಳಿಯಿತು. ಸಣ್ಣ ನಡುವನ್ನೇ ನೆಚ್ಚಿ ಕುಳಿತಿದ್ದರೆ ಅದಕ್ಕೆ ಉಳಿವಿರುತ್ತಿರಲಿಲ್ಲ.

ಭಾರತದ ಅನುಭವವೂ ಇದನ್ನೇ ಸೂಚಿಸುತ್ತದೆ. 1975ರಲ್ಲಿ ಹಿಂದೂಸ್ತಾನ್ ಲಿವರ್ ಮಾರುಕಟ್ಟೆಗೆ ತಂದ 'ಫೇರ್ ಅಂಡ್ ಲವ್ಲಿ' ದಶಕಗಳ ಕಾಲ ಮನೆಮಾತಾಯಿತು. ಕಪ್ಪು ಬಣ್ಣದ ಯುವತಿಗೆ ಉದ್ಯೋಗವಿಲ್ಲ, ವರನಿಲ್ಲ ಎಂಬ ಧ್ವನಿಯ ಜಾಹೀರಾತುಗಳು ಟೀಕೆಗೆ ಗುರಿಯಾದವು. ಮೈಬಣ್ಣದ ಕಾರಣದಿಂದ ಯಾರನ್ನೂ ಕೀಳಾಗಿ ಚಿತ್ರಿಸಕೂಡದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. 2020ರಲ್ಲಿ ಆ ಉತ್ಪನ್ನದ ಹೆಸರಿನಿಂದ 'ಫೇರ್' ಎಂಬ ಪದವನ್ನೇ ಕೈಬಿಟ್ಟು 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿಸಲಾಯಿತು.

ದೊಡ್ಡ ಸಂಸ್ಥೆ ಹೆಸರು ಬದಲಿಸಿ ಮುನ್ನಡೆಯಬಲ್ಲದು. ಒಂದೇ ಉತ್ಪನ್ನವನ್ನು ನೆಚ್ಚಿದ ಸಣ್ಣ ತಯಾರಕನಿಗೆ ಅಂತಹ ಬಲವಿಲ್ಲ. ಇನ್ನೊಂದು ಗಂಭೀರ ಅಪಾಯವೂ ಇದೆ. ಶೀಘ್ರ ಫಲದ ಆಸೆಯಿಂದ ಬಿಳುಪಿನ ಕ್ರೀಮುಗಳಿಗೆ ಪಾದರಸ ಬೆರೆಸುವ ಪ್ರವೃತ್ತಿ ಜಗತ್ತಿನ ಹಲವೆಡೆ ಕಂಡುಬಂದಿದೆ. ಪಾದರಸ ಮೂತ್ರಪಿಂಡಗಳಿಗೆ ಹಾನಿಕರ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು, ಕಣ್ಣಿನ ಭಾಗಕ್ಕೆ ಬಳಸುವವುಗಳನ್ನು ಹೊರತುಪಡಿಸಿ, ಉದ್ದೇಶಪೂರ್ವಕವಲ್ಲದ ಪಾದರಸವನ್ನೂ ಹತ್ತು ಲಕ್ಷಕ್ಕೆ 1 ಭಾಗಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಪರೀಕ್ಷಾ ವರದಿಯಿಲ್ಲದ ಅಗ್ಗದ ಸರಕನ್ನು ಕಪಾಟಿನಲ್ಲಿರಿಸುವ ಅಂಗಡಿಕಾರನು ಗಿರಾಕಿಯ ಆರೋಗ್ಯದೊಡನೆ ತನ್ನ ಹೆಸರನ್ನೂ ಪಣಕ್ಕಿಡುತ್ತಾನೆ.

ಚರ್ಮದ ರಕ್ಷಣೆ, ಸ್ವಚ್ಛತೆ, ಸುಗಂಧ, ಎಲ್ಲ ಅಳತೆಯ ದೇಹಗಳಿಗೂ ಒಪ್ಪುವ ಉಡುಪು ಇವುಗಳ ಬೇಡಿಕೆ ಒಂದು ಕಾಲದ ಅಭಿರುಚಿಯನ್ನು ಅವಲಂಬಿಸಿಲ್ಲ. ಮಹಿಳೆಗೆ ತನ್ನ ರೂಪದ ಬಗ್ಗೆ ನಾಚಿಕೆ ಹುಟ್ಟಿಸಿ ಗಳಿಸಿದ ಲಾಭ ಆ ನಾಚಿಕೆ ಇರುವಷ್ಟು ದಿನ ಮಾತ್ರ. ಆಕೆಯ ಅಗತ್ಯವನ್ನರಿತು ಗಳಿಸಿದ ವಿಶ್ವಾಸವೇ ತಲೆಮಾರುಗಳ ಬಂಡವಾಳ.